ಅಕ್ಷಯದ ಬೆಂಚಿನಲ್ಲಿ ಎರಡು ಪೆನ್ಶನ್

2025ರ ಜುಲೈಯಲ್ಲಿ ನಮ್ಮ ಆಚೆಮನೆಯ ಅಕ್ಕನನ್ನು ಮಸ್ಟರಿಂಗ್ ಮಾಡಿಸಲು ಪೇಟೆಯ ಅಕ್ಷಯಕ್ಕೆ, ಅಂದರೆ ಸರ್ಕಾರಿ ಕಾಗದಪತ್ರದ ಕೆಲಸ ಮಾಡಿಕೊಡುವ ಕೇಂದ್ರಕ್ಕೆ, ಕರೆದುಕೊಂಡು ಹೋಗಿದ್ದೆ. ಕಾಸರಗೋಡಿನ ಹೊರಗಿನವರಿಗೆ ಈ ಮಾತು ಹೊಸದಾಗಿರಬಹುದು. ಕೇರಳದಲ್ಲಿ ಕ್ಷೇಮ ಪೆನ್ಶನ್ ಪಡೆಯುವವರು ವರ್ಷಕ್ಕೊಮ್ಮೆ ಅಕ್ಷಯಕ್ಕೆ ಹೋಗಿ, ಯಂತ್ರದ ಮೇಲೆ ಬೆರಳು ಒತ್ತಿ, ತಾವು ಬದುಕಿದ್ದೇವೆ ಎಂದು ತೋರಿಸಬೇಕು. ಅದಕ್ಕೇ ಮಸ್ಟರಿಂಗ್ ಅನ್ನುತ್ತಾರೆ. ಅಕ್ಕನಿಗೆ ಈಗ ಅರುವತ್ತೆಂಟು. ಹದಿಮೂರನೇ ವಯಸ್ಸಿನಿಂದ ಬೀಡಿ ಕಟ್ಟಿದವರು. ಎಲೆ ಕತ್ತರಿಸಿ, ಸುತ್ತಿ, ಬಾಯಿ ಮಡಚಿ ಮಡಚಿ ಅವರ ಹೆಬ್ಬೆರಳು, ತೋರುಬೆರಳುಗಳ ಗೆರೆಗಳೆಲ್ಲ ಸವೆದು ಹೋಗಿವೆ. ಯಂತ್ರ ಮೂರು ಸಲವೂ ಬೆರಳನ್ನು ಹಿಡಿಯಲಿಲ್ಲ.

ಅದೇ ಬೆಂಚಿನಲ್ಲಿ ನಮ್ಮೂರಿನ ಮಿಲಿಟರಿ ಮಾವ ಕೂತಿದ್ದರು. ಹವಾಲ್ದಾರರಾಗಿ ನಿವೃತ್ತಿಯಾದವರು. ಅವರೂ ಬದುಕಿದ್ದೇನೆ ಎಂದು ತೋರಿಸಲಿಕ್ಕೇ ಬಂದದ್ದು. ಸೇನೆಯ ಪೆನ್ಶನ್ ಈಗ ‘ಸ್ಪರ್ಶ್’ ಎಂಬ ವ್ಯವಸ್ಥೆಯ ಮೂಲಕ ಬರುತ್ತದೆ. ಅದಕ್ಕೂ ವರ್ಷಕ್ಕೊಂದು ಜೀವನ ಪ್ರಮಾಣಪತ್ರ ಬೇಕು. ಅವರ ಬೆರಳು ಮೊದಲ ಸಲಕ್ಕೇ ಹಿಡಿಯಿತು. ಕೆಲಸ ಮುಗಿದರೂ ಮಳೆ ಬಿಡಲಿ ಅಂತ ಕೂತಿದ್ದರು.

ಆಪರೇಷನ್ ಸಿಂಧೂರ್ ಮುಗಿದು ಎರಡು ತಿಂಗಳಾಗಿತ್ತು ಅಷ್ಟೆ. ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹುಡುಗ ಫೋನಿನಲ್ಲಿ ಏನೋ ನೋಡುತ್ತಾ, "ಫ್ರೀ ಕೊಟ್ಟು ಕೊಟ್ಟೇ ದೇಶ ಹಾಳಾದ್ದು ಮಾವ. ಆ ದುಡ್ಡಲ್ಲಿ ಇನ್ನೆಷ್ಟು ಕ್ಷಿಪಣಿ ಬರ್ತಿತ್ತು" ಅಂದ. ಮಾವ ಅವನ ಮುಖ ನೋಡಿ, "ಅಕ್ಕನ ಎದುರು ಹಾಗೆ ಹೇಳ್ಬೇಡ ಮಾರಾಯ" ಅಂದರು. ಅಕ್ಕ ಏನೂ ಹೇಳಲಿಲ್ಲ. ಸೆರಗಿನಿಂದ ಹೆಬ್ಬೆರಳು ಒರೆಸಿಕೊಂಡು ಇನ್ನೊಮ್ಮೆ ಯಂತ್ರದ ಹತ್ತಿರ ಹೋದರು.

ಆ ಹುಡುಗ ಕೆಟ್ಟವನಲ್ಲ. ಅವನು ಹೇಳಿದ್ದನ್ನೇ ಈಗ ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಟಿವಿಯಲ್ಲಿ ಎಲ್ಲ ಕಡೆ ಕೇಳುತ್ತೇವೆ. ಅದಕ್ಕೆ ಎದುರಿನ ಮಾತೂ ಅಷ್ಟೇ ಕೇಳುತ್ತದೆ: ಒಂದು ಯುದ್ಧವಿಮಾನದ ದುಡ್ಡಿನಲ್ಲಿ ಎಷ್ಟು ಆಸ್ಪತ್ರೆ ಕಟ್ಟಬಹುದಿತ್ತು ಅಂತ. ಎರಡೂ ಮಾತಿನ ಹಿಂದೆ ಇರುವುದು ಒಂದೇ ಲೆಕ್ಕ. ದಿಲ್ಲಿಯಲ್ಲಿ ಒಂದು ಪೆಟ್ಟಿಗೆ ಇದೆ, ಅದರಲ್ಲಿ ಅಕ್ಕ ತೆಗೆದರೆ ಸೈನಿಕನಿಗೆ ಕಡಿಮೆ, ಸೈನಿಕ ತೆಗೆದರೆ ಅಕ್ಕನಿಗೆ ಕಡಿಮೆ ಅಂತ. ನಾನೂ ತುಂಬಾ ವರ್ಷ ಹಾಗೇ ಅಂದುಕೊಂಡಿದ್ದೆ. ಬಜೆಟ್ಟಿನ ಪುಟಗಳನ್ನು ಕೂತು ಓದಿದ ಮೇಲೆ ಆ ಲೆಕ್ಕ ನಿಲ್ಲಲಿಲ್ಲ.

2025-26ರ ಕೇಂದ್ರ ಬಜೆಟ್ಟಿನ ಒಟ್ಟು ಖರ್ಚು ಸುಮಾರು 50.65 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ರಕ್ಷಣಾ ಇಲಾಖೆಗೆ 6.81 ಲಕ್ಷ ಕೋಟಿ, ಅಂದರೆ ನೂರಕ್ಕೆ ಹದಿಮೂರೂವರೆಯಷ್ಟು. ಈಗ ಜನರ ಕೈಗೆ ನೇರವಾಗಿ ಹೋಗುವ ದೊಡ್ಡ ಬಾಬ್ತುಗಳನ್ನು ನೋಡಿ. ರೇಷನ್ ಅಕ್ಕಿ-ಗೋಧಿಯ ಸಬ್ಸಿಡಿ 2.03 ಲಕ್ಷ ಕೋಟಿ. ಉದ್ಯೋಗ ಖಾತ್ರಿ 86 ಸಾವಿರ ಕೋಟಿ. ಪಿಎಂ ಕಿಸಾನ್ 63,500 ಕೋಟಿ. ವೃದ್ಧರು, ವಿಧವೆಯರು, ಅಂಗವಿಕಲರ ಪೆನ್ಶನ್ ಎಲ್ಲ ಸೇರುವ ರಾಷ್ಟ್ರೀಯ ಸಾಮಾಜಿಕ ಸಹಾಯ ಕಾರ್ಯಕ್ರಮಕ್ಕೆ 9,652 ಕೋಟಿ. ಈ ನಾಲ್ಕನ್ನೂ ಕೂಡಿಸಿದರೆ 3.63 ಲಕ್ಷ ಕೋಟಿ. ರಕ್ಷಣೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ.

ಇವೆರಡಕ್ಕಿಂತಲೂ ದೊಡ್ಡ ಬಾಬ್ತು ಇನ್ನೊಂದಿದೆ, ಅದರ ಬಗ್ಗೆ ಬೆಂಚಿನಲ್ಲಿ ಯಾರೂ ಜಗಳ ಮಾಡುವುದಿಲ್ಲ. ಹಳೇ ಸಾಲದ ಬಡ್ಡಿ. ಅದೇ 12.76 ಲಕ್ಷ ಕೋಟಿ. ಒಂದು ರೂಪಾಯಿ ಖರ್ಚಿನಲ್ಲಿ ನಾಲ್ಕಾಣೆ ಬಡ್ಡಿಗೇ ಹೋಗುತ್ತದೆ, ರಕ್ಷಣೆಗೆ ಕೊಡುವುದರ ಹೆಚ್ಚುಕಡಿಮೆ ಎರಡು ಪಟ್ಟು. ಸೈನಿಕನ ಪಾಲನ್ನೂ ಅಕ್ಕನ ಪಾಲನ್ನೂ ಒತ್ತುತ್ತಿರುವುದು ಮೊದಲು ಇದು.

ರಕ್ಷಣೆಯ 6.81 ಲಕ್ಷ ಕೋಟಿಯ ಒಳಗೆ ಏನಿದೆ ಅಂತ ನೋಡಿದರೆ ಆ ಹುಡುಗನ ಕ್ಷಿಪಣಿಯ ಮಾತು ಇನ್ನೂ ಸಡಿಲವಾಗುತ್ತದೆ. ಹೊಸ ವಿಮಾನ, ಹಡಗು, ತೋಪು, ಕ್ಷಿಪಣಿ ಎಲ್ಲ ಕೊಳ್ಳುವ ಬಂಡವಾಳ ಖರ್ಚು 1.80 ಲಕ್ಷ ಕೋಟಿ. ನಾಲ್ಕನೇ ಒಂದು ಭಾಗ. ಸಂಬಳ, ಊಟ, ಇಂಧನ, ರಿಪೇರಿ ಮುಂತಾದ ದಿನದಿನದ ಖರ್ಚು 3.11 ಲಕ್ಷ ಕೋಟಿ. ಪೆನ್ಶನ್ 1.60 ಲಕ್ಷ ಕೋಟಿ. ಕೊಳ್ಳುವುದಕ್ಕೂ ಪೆನ್ಶನ್ನಿಗೂ ಇರುವ ಅಂತರ ಅಷ್ಟೇ. ಅಂದರೆ ನಾವು "ರಕ್ಷಣೆ" ಎಂದು ಕರೆಯುವ ದುಡ್ಡಿನ ದೊಡ್ಡ ಪಾಲು ಮಿಲಿಟರಿ ಮಾವನಂಥ ಮನೆಗಳಿಗೆ ಬರುತ್ತದೆ. ಮಗಳ ಮದುವೆಗೆ, ಮನೆಯ ಹೆಂಚಿಗೆ, ಮೊಮ್ಮಕ್ಕಳ ಫೀಸಿಗೆ ಹೋಗುತ್ತದೆ. ಕೇರಳ-ಕರ್ನಾಟಕ ಗಡಿಯ ನಮ್ಮ ಹಳ್ಳಿಗಳಲ್ಲಿ ಮೊದಲು ಸಿಮೆಂಟು ಕಂಡ ಮನೆಗಳಲ್ಲಿ ಕೆಲವು ಗಲ್ಫಿನವರದ್ದು, ಕೆಲವು ಮಿಲಿಟರಿಯವರದ್ದು. ಇದೂ ಕ್ಷೇಮವೇ. ಒಳ್ಳೆಯ, ಗಟ್ಟಿಯಾದ, ತಿಂಗಳ ಕೊನೆಗೆ ತಪ್ಪದೆ ಬರುವ ಕ್ಷೇಮ.

ಅವರಿಗೆ ಬರುವುದು ಜಾಸ್ತಿಯಾಯಿತು ಎಂದು ನಾನು ಹೇಳುತ್ತಿಲ್ಲ. ಹಿಮದಲ್ಲಿ ಹದಿನೇಳು-ಹದಿನೆಂಟು ವರ್ಷ ನಿಂತವರಿಗೆ ಕೊಡಲೇಬೇಕು. ನಾನು ಕೇಳುವುದು ಬೇರೆ ಪ್ರಶ್ನೆ. ದೇಶದಲ್ಲಿ ರಕ್ಷಣಾ ಪೆನ್ಶನ್ ಪಡೆಯುವವರು ಸುಮಾರು 34 ಲಕ್ಷ. ಕೇಂದ್ರದ ಸಾಮಾಜಿಕ ಪೆನ್ಶನ್ ಪಡೆಯುವವರು ಸುಮಾರು ಮೂರು ಕೋಟಿ. ಈ ಮೂರು ಕೋಟಿ ಜನರಿಗೆ ಇಟ್ಟ ದುಡ್ಡು ಆ 34 ಲಕ್ಷ ಜನರಿಗೆ ಇಟ್ಟದ್ದರ ಸುಮಾರು ಹದಿನೇಳರಲ್ಲಿ ಒಂದು ಪಾಲು. ಹೀಗಿರುವಾಗ "ಫ್ರೀ ಕೊಟ್ಟು ಹಾಳಾದ್ದು" ಎಂಬ ಮಾತು ಯಾರಿಗೆ ತಾಗಬೇಕು?

ಈಗ ಅಕ್ಕನ ದುಡ್ಡಿಗೆ ಬರೋಣ. ಆ ಜುಲೈಯಲ್ಲಿ ಅವರ ಪೆನ್ಶನ್ ತಿಂಗಳಿಗೆ 1,600 ರೂಪಾಯಿ ಇತ್ತು. 2025ರ ನವೆಂಬರಿನಿಂದ 2,000 ಆಯಿತು. ಇದರಲ್ಲಿ ಕೇಂದ್ರದ ಪಾಲು ಎಷ್ಟು? ಅರುವತ್ತರಿಂದ ಎಪ್ಪತ್ತೊಂಬತ್ತು ವಯಸ್ಸಿನ ಬಡವರಿಗೆ ತಿಂಗಳಿಗೆ 200 ರೂಪಾಯಿ. ಎಂಬತ್ತು ದಾಟಿದರೆ 500. ಆ 200 ಎಂಬ ಸಂಖ್ಯೆ 2007ರಿಂದ ಕದಲಿಲ್ಲ. ಸರ್ಕಾರಗಳು ಬದಲಾದವು, ರಕ್ಷಣಾ ಬಜೆಟ್ಟು ಎಷ್ಟೋ ಪಟ್ಟು ಬೆಳೆಯಿತು, ಸೇನೆಗೆ ಒಂದು ಶ್ರೇಣಿ ಒಂದು ಪೆನ್ಶನ್ ಬಂತು, ಸರ್ಕಾರಿ ನೌಕರರಿಗೆ ವೇತನ ಆಯೋಗದ ಮೇಲೆ ವೇತನ ಆಯೋಗ ಬಂತು. ಅಕ್ಕನ 200 ಅಲ್ಲೇ ನಿಂತಿತು. ಕೇರಳದಲ್ಲಿ ಪೆನ್ಶನ್ ಪಡೆಯುವ ಹೆಚ್ಚಿನವರಿಗೆ ಅದೂ ಇಲ್ಲ, ಕೇಂದ್ರದ ಬಡತನದ ಪಟ್ಟಿಯೊಳಗೆ ಅವರ ಹೆಸರು ಬರುವುದಿಲ್ಲ. ಅವರಿಗೆ ಕೊಡುವ ಇಡೀ ಮೊತ್ತ ರಾಜ್ಯದ್ದೇ.

ಒಂದು ಸಣ್ಣ ಗುಣಾಕಾರ ಮಾಡೋಣ. ಕೇಂದ್ರದ ವೃದ್ಧಾಪ್ಯ ಪೆನ್ಶನ್ ಪಡೆಯುವವರು ಸುಮಾರು 2.2 ಕೋಟಿ. 200 ರೂಪಾಯಿಯನ್ನು 1,000 ಮಾಡಿದರೆ ಒಬ್ಬರಿಗೆ ತಿಂಗಳಿಗೆ 800 ಜಾಸ್ತಿ. ವರ್ಷಕ್ಕೆ ಸುಮಾರು 21 ಸಾವಿರ ಕೋಟಿ ರೂಪಾಯಿ. ಒಟ್ಟು ಬಜೆಟ್ಟಿನಲ್ಲಿ ಇದು ನೂರು ರೂಪಾಯಿಗೆ 42 ಪೈಸೆ. ರಕ್ಷಣೆಯ ಒಂದು ರೂಪಾಯಿಯನ್ನೂ ಮುಟ್ಟದೆ ಇದನ್ನು ಹುಡುಕಲು ಆಗುವುದಿಲ್ಲ ಎಂದು ಯಾವ ಹಣಕಾಸು ಮಂತ್ರಿಯೂ ನನ್ನನ್ನು ನಂಬಿಸಲಾರರು. ಮನಸ್ಸು ಮಾಡಿಲ್ಲ, ಅಷ್ಟೆ.

ಇಲ್ಲಿ ಗಡಿಯಲ್ಲಿ ಕೂತವರಿಗೆ ಇನ್ನೊಂದು ವಿಷಯ ಕಣ್ಣಿಗೆ ಕಾಣುತ್ತದೆ. ಕ್ಷೇಮದ ದುಡ್ಡು ಯಾವ ಕಿಸೆಯಿಂದ ಬರುತ್ತದೆ ಅನ್ನುವುದು. ಸೇನೆ ಪೂರ್ತಿಯಾಗಿ ಕೇಂದ್ರದ ಕೆಲಸ. ಆದರೆ ಪೆನ್ಶನ್ ಹೆಚ್ಚಿಸುವ, ಹೊತ್ತಿಗೆ ಕೊಡುವ ಭಾರ ರಾಜ್ಯದ ಮೇಲೆ. ಕೇರಳ ಪೆನ್ಶನ್ ಕೊಡಲಿಕ್ಕೆಂದೇ 2018ರಲ್ಲಿ ಒಂದು ಕಂಪನಿ ಮಾಡಿತು. ಅದು ಸಾಲ ತಂದು ಪೆನ್ಶನ್ ಹಂಚುತ್ತಿತ್ತು. ಆ ಸಾಲವನ್ನೂ ರಾಜ್ಯದ ಸಾಲದ ಮಿತಿಯೊಳಗೇ ಸೇರಿಸುತ್ತೇವೆ ಎಂದು ಕೇಂದ್ರ ಹೇಳಿತು. ರಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2024ರಲ್ಲಿ ಅದು ಸಂವಿಧಾನ ಪೀಠಕ್ಕೆ ಹೋಯಿತು. ಈ ಜಗಳದ ಹೊತ್ತಿನಲ್ಲೇ ನಮ್ಮ ಊರುಗಳಲ್ಲಿ ಪೆನ್ಶನ್ ಐದಾರು ತಿಂಗಳು ಬಾಕಿ ಬಿತ್ತು. ಯಾರು ಸರಿ ಅನ್ನುವುದನ್ನು ಕೋರ್ಟು ಹೇಳಲಿ. ಸಾಲ ತಂದು ಪೆನ್ಶನ್ ಕೊಡುವುದು ಎಷ್ಟು ದಿನ ನಡೆದೀತು ಎಂಬ ಕೇಂದ್ರದ ಪ್ರಶ್ನೆಯಲ್ಲಿ ಹುರುಳಿದೆ. 200 ರೂಪಾಯಿಯಲ್ಲಿ ನಿಂತವರು ಆ ಪ್ರಶ್ನೆ ಕೇಳುವಾಗ ಅದರ ತೂಕ ಕಡಿಮೆಯಾಗುತ್ತದೆ ಅನ್ನುವುದೂ ನಿಜ.

ಪೆನ್ಶನ್ನಿಗೆ ಅಂತಲೇ ಕೇರಳ 2023ರ ಏಪ್ರಿಲ್ 1ರಿಂದ ಪೆಟ್ರೋಲ್, ಡೀಸೆಲ್ ಮೇಲೆ ಲೀಟರಿಗೆ 2 ರೂಪಾಯಿ ಸೆಸ್ ಹಾಕಿತು. ಮಂಜೇಶ್ವರ, ಉಪ್ಪಳ, ಹೊಸಂಗಡಿಯವರು ಏನು ಮಾಡಿದರು ಅಂತ ಇಲ್ಲಿ ಯಾರೂ ಕೇಳಬೇಕಾಗಿಲ್ಲ. ಗಡಿಯ ತಲಪಾಡಿ ದಾಟಿ ಹೋಗಿ ಟ್ಯಾಂಕು ತುಂಬಿಸಿಕೊಂಡು ಬಂದರು. ಕರ್ನಾಟಕದಲ್ಲಿ ಲೀಟರಿಗೆ ನಾಲ್ಕು ರೂಪಾಯಿಯ ಆಸುಪಾಸು ಕಡಿಮೆ. ನಾನೂ ಮಂಗಳೂರಿಗೆ ಹೋದಾಗ ಬರುವ ದಾರಿಯಲ್ಲಿ ಅಲ್ಲೇ ತುಂಬಿಸಿದವನು. ಆಮೇಲೊಂದು ದಿನ ಹೊಳೆಯಿತು: ಆ 2 ರೂಪಾಯಿ ಆಚೆಮನೆ ಅಕ್ಕನದ್ದು. ಗಡಿ ದಾಟಿ ಉಳಿಸಿದ್ದು ಅವರ ಪಾಲಿನಿಂದ. ಈಗ ಆದಷ್ಟು ಈಚೆಗೇ ತುಂಬಿಸುತ್ತೇನೆ. ಆದರೆ ಎಲ್ಲರೂ ಹಾಗೆ ಮಾಡಲಿ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ದಿನಕ್ಕೆ ಎಂಟು ಬಾಡಿಗೆ ಓಡುವ ಆಟೋದವನಿಗೆ ನಾಲ್ಕು ರೂಪಾಯಿ ಸಣ್ಣದಲ್ಲ. ಸೈನ್ಯದ ದುಡ್ಡು ಹೀಗೆ ಪೆಟ್ರೋಲ್ ಬಂಕಿನಲ್ಲಿ ಗಡಿ ದಾಟಿ ಸೋರುವುದಿಲ್ಲ. ಬಡವರ ಪೆನ್ಶನ್ನಿನ ದುಡ್ಡು ಸೋರುತ್ತದೆ. ಅದನ್ನು ರಾಜ್ಯಗಳ ಮೇಲೆ ಬಿಟ್ಟದ್ದರ ಫಲ ಇದು.

ಅಕ್ಕನ ತಂಗಿ ಕರ್ನಾಟಕದ ವಿಟ್ಲದ ಕಡೆ ಇದ್ದಾರೆ. ಅವರಿಗೆ ಗೃಹಲಕ್ಷ್ಮಿಯ 2,000, ಬಸ್ಸಿಗೆ ಟಿಕೆಟು ಬೇಡ. ಒಂದೇ ಮನೆಯಲ್ಲಿ ಹುಟ್ಟಿ, ಒಂದೇ ಬೀಡಿ ಬ್ರಾಂಚಿಗೆ ನಡೆದ ಇಬ್ಬರು. ಮದುವೆಯಾಗಿ ಹೋದ ಊರು ಗಡಿಯ ಯಾವ ಕಡೆ ಎಂಬುದರ ಮೇಲೆ ಅವರ ಮುಪ್ಪು ಬೇರೆ ಬೇರೆ ಆಗಿದೆ. ರಕ್ಷಣೆಯ ವಿಷಯದಲ್ಲಿ ಹೀಗೆ ಯಾರಿಗೂ ಆಗುವುದಿಲ್ಲ. ತಲಪಾಡಿಯ ಈಚೆ ಒಂದು ಸೈನ್ಯ, ಆಚೆ ಒಂದು ಸೈನ್ಯ ಇಲ್ಲ.

2025ರ ಡಿಸೆಂಬರಿನಲ್ಲಿ ಬಂದ ಹೊಸ ಕಾನೂನು ಈ ಭಾರವನ್ನು ಇನ್ನಷ್ಟು ರಾಜ್ಯದ ಕಡೆ ದೂಡಿದೆ. ಇಲ್ಲಿ ನಾವು ತೊಳಿಲುರಪ್ಪು ಎನ್ನುವ ಉದ್ಯೋಗ ಖಾತ್ರಿಯಲ್ಲಿ ಅದುವರೆಗೆ ಕೂಲಿಯ ಪೂರ್ತಿ ದುಡ್ಡು ಕೇಂದ್ರದ್ದಾಗಿತ್ತು. ಹೊಸ ಕಾನೂನಿನಲ್ಲಿ ದಿನ 100ರಿಂದ 125ಕ್ಕೆ ಏರಿತು, ಆದರೆ ಹೆಚ್ಚಿನ ರಾಜ್ಯಗಳು ನೂರಕ್ಕೆ ನಲವತ್ತು ತಾವೇ ಹಾಕಬೇಕು. ಮಾತಿನಲ್ಲಿ 25 ದಿನ ಜಾಸ್ತಿ. ದುಡ್ಡಿಲ್ಲದ ರಾಜ್ಯದಲ್ಲಿ ಕೈಗೆ ಬರುವುದು ಎಷ್ಟು ದಿನ ಅನ್ನುವುದನ್ನು ಇನ್ನು ನೋಡಬೇಕು.

ಇನ್ನು ವಿಮಾನದ ಮಾತು. ಕುಂಬಳೆಯಿಂದ ಬದಿಯಡ್ಕಕ್ಕೆ ಬರುವಾಗ ಸೀತಾಂಗೋಳಿ ಸಿಗುತ್ತದೆ. ಅಲ್ಲಿ ಎಚ್‌ಎಎಲ್‌ನ ಕಾರ್ಖಾನೆ ಇದೆ. ಯುದ್ಧವಿಮಾನಗಳ ಒಳಗಿನ ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಕೆಲಸ ಅಲ್ಲಿಯದ್ದು. ಅಲ್ಲಿಂದ ಬದಿಯಡ್ಕ, ಪೆರ್ಲ ದಾಟಿ ಒಂದು ಗಂಟೆಯೊಳಗೆ ಪಡ್ರೆ, ಸ್ವರ್ಗ ತಲುಪಬಹುದು. ಎಂಡೋಸಲ್ಫಾನ್ ಎಂಬ ಕೀಟನಾಶಕ ಹಾಳುಮಾಡಿದ ಊರುಗಳು. ಸರ್ಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ವಿಷ ಸಿಂಪಡಿಸಿತು. ಗುಡ್ಡದ ಮೇಲೆ ತೋಟ, ಕೆಳಗೆ ಸುರಂಗದ ನೀರು, ತೋಡು, ಮನೆಗಳು. ಮುಂದಾದದ್ದು ಎಲ್ಲರಿಗೂ ಗೊತ್ತು.

ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕು ಎಂದಿತು. 2022ರ ಮೇ ತಿಂಗಳಲ್ಲಿ ಅದೇ ಕೋರ್ಟಿನ ಮುಂದೆ ಲೆಕ್ಕ ಬಂದಾಗ, 3,704 ಮಂದಿಯಲ್ಲಿ ದುಡ್ಡು ಸಿಕ್ಕಿದ್ದು ಎಂಟು ಮಂದಿಗೆ. ಐದು ವರ್ಷದಲ್ಲಿ ಎಂಟು ಮಂದಿಗೆ. ಆ ಎಂಟು ಮಂದಿ ಕೂಡ ಕೋರ್ಟಿನ ಬಾಗಿಲು ತಟ್ಟಿದವರು.

3,704ನ್ನು 5 ಲಕ್ಷದಿಂದ ಗುಣಿಸಿದರೆ 185 ಕೋಟಿ. 2025ರ ಸೆಪ್ಟೆಂಬರಿನಲ್ಲಿ ರಕ್ಷಣಾ ಇಲಾಖೆ 97 ತೇಜಸ್ ವಿಮಾನಗಳಿಗೆ 62,370 ಕೋಟಿಯ ಒಪ್ಪಂದ ಮಾಡಿತು. ಸಲಕರಣೆ ಎಲ್ಲ ಸೇರಿ ಒಂದಕ್ಕೆ ಸರಾಸರಿ 640 ಕೋಟಿಯ ಮೇಲೆ. ಒಂದು ವಿಮಾನದ ಮೂರನೇ ಒಂದು ಭಾಗದಲ್ಲಿ ಪಡ್ರೆಯಿಂದ ಮುಳ್ಳೇರಿಯದವರೆಗಿನ ಸಂತ್ರಸ್ತರ ಬಾಕಿ ತೀರುತ್ತಿತ್ತು ಅಂತ ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗ ಕೇಳುವವರು ತಲೆಯಾಡಿಸುತ್ತಾರೆ. ಈಗ ನನಗೆ ಅನಿಸುವುದು, ಆ ಹೋಲಿಕೆಯಿಂದ ತಪ್ಪಿಸಿಕೊಂಡದ್ದು ನಿಜವಾಗಿ ಉತ್ತರ ಕೊಡಬೇಕಾದವರು. 185 ಕೋಟಿ ಇಲ್ಲದೆ ಹೋದದ್ದು ತೇಜಸ್‌ನಿಂದ ಅಲ್ಲ. ಕೊಡಬೇಕಾದದ್ದು ರಾಜ್ಯ. ಅಷ್ಟು ದುಡ್ಡು ರಾಜ್ಯದ ಬಜೆಟ್ಟಿನಲ್ಲಿ ದೊಡ್ಡದೇ ಅಲ್ಲ. 2022ರಲ್ಲಿ ಕೋರ್ಟು ಗದರಿಸಿದ ಮೇಲೆ ಅದೇ ರಾಜ್ಯಕ್ಕೆ ದುಡ್ಡು ಸಿಕ್ಕಿತು, ಕೆಲವೇ ತಿಂಗಳಲ್ಲಿ ಸಾವಿರಾರು ಮಂದಿಯ ಖಾತೆಗೆ ಬಂತು. ಐದು ವರ್ಷ ಆಗದ್ದು ತಿಂಗಳುಗಳಲ್ಲಿ ಆಯಿತು.

ಎಣ್ಮಕಜೆಯ ಒಂದು ಮನೆಯಲ್ಲಿ ಒಬ್ಬ ತಾಯಿ ನನಗೊಂದು ಪ್ಲಾಸ್ಟಿಕ್ ಕವರು ತೋರಿಸಿದ್ದರು. ಮೆಡಿಕಲ್ ಕ್ಯಾಂಪಿನ ಚೀಟಿ, ಅರ್ಜಿಯ ಪ್ರತಿ, ಬಂದ ನೋಟೀಸು, ಪಟ್ಟಿಯಲ್ಲಿ ಹೆಸರಿದೆ ಎಂಬ ಕಾಗದ. ಇಲಿ ಕಡಿಯದ ಹಾಗೆ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದರು. ಎಲ್ಲವೂ ಮಲಯಾಳದಲ್ಲಿ. ಅವರು ಓದಿದ್ದು ಕನ್ನಡ ಶಾಲೆಯಲ್ಲಿ, ನಾಲ್ಕನೇ ಕ್ಲಾಸಿನವರೆಗೆ. ಸಹಿ ಕನ್ನಡದಲ್ಲಿ ಹಾಕಿದ್ದಾರೆ. ಸಹಿ ಹಾಕಿದ ಕಾಗದದಲ್ಲಿ ಏನಿದೆ ಎಂದು ಓದಿ ಹೇಳಲು ಪಕ್ಕದ ಮನೆಯ ಹೈಸ್ಕೂಲು ಹುಡುಗಿ ಬರಬೇಕು. "ಅವಳಿಗೆ ಪರೀಕ್ಷೆ ಇದ್ರೆ ನಾನು ಕಾಯ್ತೇನೆ" ಅಂದರು. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡಿಗರು ಕನ್ನಡದಲ್ಲೇ ಕಚೇರಿಯ ಜೊತೆ ವ್ಯವಹರಿಸಬಹುದು ಎಂಬ ಹಕ್ಕು ಕಾಗದದ ಮೇಲಿದೆ. ಆ ಡಬ್ಬದ ಹತ್ತಿರ ಅದು ಬಂದಿರಲಿಲ್ಲ.

ತಲುಪುವುದೇ ದೊಡ್ಡ ಕಷ್ಟ. ರಕ್ಷಣೆಯಲ್ಲೂ ಹಾಗೇ, ಅದನ್ನು ಬಿಟ್ಟು ಮಾತಾಡಿದರೆ ಅನ್ಯಾಯವಾಗುತ್ತದೆ. 2021ರಲ್ಲಿ 83 ತೇಜಸ್ ವಿಮಾನಗಳಿಗೆ ಆರ್ಡರು ಹೋಯಿತು. 2024ರ ಮಾರ್ಚಿನಿಂದ ಅವು ಬರಬೇಕಿತ್ತು. ಅಮೆರಿಕದಿಂದ ಎಂಜಿನ್ ತಡವಾಯಿತು, ವಿಮಾನವೂ ತಡವಾಯಿತು. ವಾಯುಸೇನೆಯ ಮುಖ್ಯಸ್ಥ ಎ.ಪಿ. ಸಿಂಗ್ ಅವರೇ 2025ರಲ್ಲಿ ಸಭೆಗಳಲ್ಲಿ ಬೇಸರ ಹೇಳಿಕೊಂಡರು. ನಮಗೆ ಬೇಕಾದ ಯುದ್ಧವಿಮಾನದ ತಂಡಗಳು, ಅಂದರೆ ಸ್ಕ್ವಾಡ್ರನ್, 42. 2025ರ ಸೆಪ್ಟೆಂಬರಿನಲ್ಲಿ ಮಿಗ್-21ಗಳು ನಿವೃತ್ತಿಯಾದ ಮೇಲೆ ಉಳಿದದ್ದು 29. ಅದೇ ಹೊತ್ತಿಗೆ, 2024-25ರಲ್ಲಿ ಕೊಳ್ಳಲು ಇಟ್ಟ 1.72 ಲಕ್ಷ ಕೋಟಿಯನ್ನು ವರ್ಷದ ನಡುವೆ 1.59 ಲಕ್ಷ ಕೋಟಿಗೆ ಇಳಿಸಿದರು. 12,500 ಕೋಟಿ ಇಳಿಯಿತು. ಇದನ್ನು ಯಾವ ಅಕ್ಕನ ಪೆನ್ಶನ್ನೂ ನುಂಗಿದ್ದಲ್ಲ. ಫ್ರೀ ನಿಲ್ಲಿಸಿದರೆ ಕ್ಷಿಪಣಿ ಬರುತ್ತದೆ ಎನ್ನುವ ಹುಡುಗನಿಗೆ ನಾನು ಈ ಲೆಕ್ಕ ತೋರಿಸಲು ಬಯಸುತ್ತೇನೆ.

ಹಾಗಾದರೆ ರಕ್ಷಣೆಗೆ ಜಾಸ್ತಿ ಬೇಡವಾ ಎಂದು ಕೇಳಿದರೆ, ಬೇಕು ಎಂದೇ ನನ್ನ ಉತ್ತರ. ಪಹಲ್ಗಾಮಿನಲ್ಲಿ 26 ಜನ ಸತ್ತ ಮೇಲೆ, ಎರಡು ಕಡೆ ಗಟ್ಟಿ ನೆರೆಯವರನ್ನು ಇಟ್ಟುಕೊಂಡು, ಸೇನೆಯನ್ನು ಬಡವಾಗಿಸಿ ಎಂದು ಹೇಳುವುದು ನನ್ನಿಂದ ಆಗದು. ಕರಾವಳಿಯವರಿಗೆ ಇದು ದೂರದ ಮಾತೂ ಅಲ್ಲ. 2025ರ ಜೂನಿನಲ್ಲಿ ಅಳೀಕಲ್ ಎದುರಿನ ಕಡಲಲ್ಲಿ ವಾನ್ ಹೈ 503 ಎಂಬ ಹಡಗಿಗೆ ಬೆಂಕಿ ಬಿತ್ತು. 22 ಮಂದಿಯಲ್ಲಿ 18 ಮಂದಿಯನ್ನು ನೌಕಾಪಡೆಯ ಹಡಗು ಮಂಗಳೂರಿಗೆ ತಂದಿತು. ಕೋಸ್ಟ್ ಗಾರ್ಡ್ ದಿನಗಟ್ಟಲೆ ಬೆಂಕಿಯ ಜೊತೆ ಗುದ್ದಾಡಿತು. ಆ ಹಡಗು ದಡಕ್ಕೆ ಬಂದಿದ್ದರೆ ಏನಾಗುತ್ತಿತ್ತು ಎಂದು ಕಾಸರಗೋಡಿನ ದೋಣಿಯವರನ್ನು ಕೇಳಿ.

2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಚೂರಲ್‌ಮಲೆಯಿಂದ ಮುಂಡಕೈಗೆ ದಾಟಲು ದಾರಿ ಇರಲಿಲ್ಲ. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಬಂದು 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಯೊಳಗೆ ನಿಲ್ಲಿಸಿದರು. ಟಿವಿಯಲ್ಲಿ ಅದನ್ನು ನೋಡುತ್ತಾ ಮಿಲಿಟರಿ ಮಾವ ಎದ್ದು ನಿಂತದ್ದು ನನಗೆ ನೆನಪಿದೆ. ಅವತ್ತು ಆ ಸೇತುವೆ ರಕ್ಷಣೆಯೋ ಕ್ಷೇಮವೋ? ಕೆಲವು ತಿಂಗಳ ಮೇಲೆ ಕೇಂದ್ರದಿಂದ ರಾಜ್ಯಕ್ಕೆ ಕಾಗದ ಬಂತು. ವಾಯುಸೇನೆಯ ಹೆಲಿಕಾಪ್ಟರ್ ಹಾರಾಟದ ಬಾಡಿಗೆ, ಹಿಂದಿನ ನೆರೆಗಳದ್ದೂ ಸೇರಿ 132 ಕೋಟಿಗೂ ಮೇಲೆ ಕಟ್ಟಬೇಕು ಅಂತ. ನಿಯಮದಲ್ಲಿ ಹಾಗೆ ಇರಬಹುದು. ಮಣ್ಣಿನಡಿಯಿಂದ ಜನರನ್ನು ತೆಗೆದದ್ದಕ್ಕೆ ಬಿಲ್ಲು ಕಳಿಸಿದ್ದು ನನಗೆ ಇವತ್ತಿಗೂ ಸಹಿಸಲು ಆಗುವುದಿಲ್ಲ. ಸೈನಿಕ ಮಾಡಿದ ಕೆಲಸವನ್ನು ಅದು ಸಣ್ಣದು ಮಾಡಿತು.

ಕಾಸರಗೋಡಿನವರಿಗೆ ಗಡಿ ಎಂಬ ಪದ ಕೇಳಿದರೆ ಮೊದಲು ನೆನಪಾಗುವುದು ಲಡಾಖ್ ಅಲ್ಲ, 2020ರ ಮಾರ್ಚಿನ ತಲಪಾಡಿ. ಲಾಕ್‌ಡೌನಿನಲ್ಲಿ ಕರ್ನಾಟಕದ ಕಡೆಯಿಂದ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಡಯಾಲಿಸಿಸ್‌ಗೆ, ಹೃದಯದ ಚಿಕಿತ್ಸೆಗೆ, ಹೆರಿಗೆಗೆ ನಾವು ಹೋಗುತ್ತಿದ್ದದ್ದು ಮಂಗಳೂರಿಗೆ. ಆಂಬುಲೆನ್ಸ್ ಗಡಿಯಲ್ಲಿ ನಿಂತು ಹಿಂದೆ ತಿರುಗಿತು. ಹಲವರು ದಾರಿಯಲ್ಲೇ ತೀರಿಕೊಂಡರು. ವಿಷಯ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಯಿತು. ಆ ಮಣ್ಣಿಗಿಂತಲೂ ನಮ್ಮನ್ನು ಜಾಸ್ತಿ ಸೋಲಿಸಿದ್ದು ನಮ್ಮದೇ ಜಿಲ್ಲೆಯ ಉಕ್ಕಿನಡ್ಕದ ಮೆಡಿಕಲ್ ಕಾಲೇಜು. ಅದಕ್ಕೆ ಕಲ್ಲು ಹಾಕಿದ್ದು 2013ರ ನವೆಂಬರಿನಲ್ಲಿ. 2020ರಲ್ಲಿ ಅಲ್ಲಿ ಆಸ್ಪತ್ರೆ ಇರಲಿಲ್ಲ, ಕಾಲೇಜಿನ ಕಟ್ಟಡವನ್ನೇ ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಹೊರರೋಗಿ ವಿಭಾಗ ಶುರುವಾದದ್ದು 2022ರಲ್ಲಿ. 50 ಎಂಬಿಬಿಎಸ್ ಸೀಟಿಗೆ ಅನುಮತಿ ಬಂದದ್ದು 2025ರಲ್ಲಿ. ಆ ಏಳು ವರ್ಷ ಆಸ್ಪತ್ರೆ ಕಟ್ಟದೆ ಉಳಿಸಿದ ದುಡ್ಡು ಯಾವ ಗಡಿಯನ್ನೂ ಕಾಯಲಿಲ್ಲ. ಒಂದು ಜಿಲ್ಲೆಯನ್ನು ಕಾಪಾಡುವುದು ಎಂದರೆ ಏನು ಅನ್ನುವುದಕ್ಕೆ ನನ್ನ ಮಟ್ಟಿಗೆ ಆ ತಿಂಗಳೇ ಅಳತೆ.

ಮಳೆ ಸ್ವಲ್ಪ ಕಡಿಮೆಯಾದಾಗ ಹುಡುಗ ಮಾವನ ಹತ್ತಿರ ಅಗ್ನಿವೀರದ ಬಗ್ಗೆ ಕೇಳಿದ. ಅವನೂ ಓಟದ ಅಭ್ಯಾಸ ಮಾಡುತ್ತಿದ್ದನಂತೆ. 2022ರಲ್ಲಿ ಬಂದ ಆ ಯೋಜನೆಯಲ್ಲಿ ನಾಲ್ಕು ವರ್ಷದ ಸೇವೆ. ಆಮೇಲೆ ನೂರರಲ್ಲಿ 25 ಮಂದಿಯನ್ನು ಉಳಿಸಿಕೊಳ್ಳುತ್ತಾರೆ. ಉಳಿದವರಿಗೆ ಸೇವಾನಿಧಿ ಅಂತ ಸುಮಾರು 11.71 ಲಕ್ಷ ಕೊಟ್ಟು ಕಳಿಸುತ್ತಾರೆ. ಪೆನ್ಶನ್ ಇಲ್ಲ. ಮೊದಲ ತಂಡದ ನಾಲ್ಕು ವರ್ಷ 2026ರ ಕೊನೆಯ ಹೊತ್ತಿಗೆ ಮುಗಿಯುತ್ತದೆ. ಸೇನೆಯಲ್ಲಿ ಯುವಕರು ಜಾಸ್ತಿ ಇರಲಿ, ಪೆನ್ಶನ್ನಿನ ಭಾರ ಇಳಿದು ಆಯುಧಕ್ಕೆ ದುಡ್ಡು ಉಳಿಯಲಿ ಎಂಬುದು ಅದರ ಹಿಂದಿನ ಲೆಕ್ಕ. ಆ ಲೆಕ್ಕಕ್ಕೆ ಅರ್ಥವಿದೆ. ಆದರೆ ಮಾವನಿಗೆ ಸಿಕ್ಕಿದ್ದು ಆ ಹುಡುಗನಿಗೆ ಸಿಗುವುದಿಲ್ಲ. ಮುಪ್ಪಿನಲ್ಲಿ ಅವನೂ ಅಕ್ಕನ ಸಾಲಿಗೇ ಬರಬೇಕಾದೀತು. ಅವತ್ತು ಆ ಸಾಲಿನಲ್ಲಿ ಎಷ್ಟು ಕೊಡುತ್ತಾರೆ ಎಂಬುದು ಅವನದ್ದೂ ಪ್ರಶ್ನೆ. ಮಾವ ಇದನ್ನೆಲ್ಲ ಅವನಿಗೆ ಹೇಳಲಿಲ್ಲ. "ಹೋಗು, ಒಳ್ಳೆ ಕೆಲಸ. ಬಂದ ದುಡ್ಡಲ್ಲಿ ಬೈಕ್ ತೆಗೀಬೇಡ, ಜಾಗ ತೆಗಿ" ಅಂದರು.

ಅಕ್ಕನ ಬೆರಳು ಕೊನೆಗೂ ಹಿಡಿಯಲಿಲ್ಲ. ಹಾಗೆ ಆದವರು ಬದುಕಿದ್ದಾರೆ ಎಂದು ಬರೆಸಿಕೊಂಡು ಪಂಚಾಯತಿಗೆ ಕೊಡಬೇಕು. ಇನ್ನೆರಡು ದಿನದ ಓಡಾಟ, ಆಟೋ, ಎರಡು ದಿನದ ಬೀಡಿ ಹೋಯಿತು. ನವೆಂಬರಿನಲ್ಲಿ ಹೊಸ ಪೆನ್ಶನ್ 2,000, ಉಳಿದಿದ್ದ ಕೊನೆಯ ಬಾಕಿ 1,600, ಎರಡೂ ಸೇರಿ 3,600 ಒಟ್ಟಿಗೆ ಬಂತು. ಅದರಲ್ಲಿ ಮನೆಯ ಹಿಂದಿನ ಮಾಡಿಗೆ ಶೀಟು ಹಾಕಿಸಿದರು.

ಮೊನ್ನೆ ಜಗಲಿಯಲ್ಲಿ ಕೂತು ಎಲೆ ಕತ್ತರಿಸುತ್ತಾ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ನನಗೆ ತೋರಿಸಿದರು. "ಈ ಸಲ ಮಸ್ಟರಿಂಗ್‌ಗೆ ಒಂದು ತಿಂಗಳು ಮೊದಲೇ ಬೀಡಿ ನಿಲ್ಲಿಸ್ತೇನೆ" ಅಂದರು. "ಗೆರೆ ಬರ್ತದಾ ನೋಡ್ಬೇಕು."